ಎಡೆಗೆ ಇಟ್ಟ ಮೊಸರುಬಜ್ಜಿ

"ತಾಯೀ, ನಮ್ಮ ದೊಡ್ಡ ಗುರುಗಳು ನನಗೆ 'ಬಾಯಿ ಮುಚ್ಚಿ ಕೂರು, ಅದೇ ದಾರಿ' ಎಂದು ಕಲಿಸಿದರು. ನನ್ನ ಜೊತೆಯವನಿಗೆ 'ಬಾಯಿ ತುಂಬ ಹಾಡು, ಅದೇ ದಾರಿ' ಎಂದರಂತೆ. ಕೇಳೋಣವೆಂದರೆ ಅವರೀಗ ಇಲ್ಲ. ನಮ್ಮಿಬ್ಬರಲ್ಲಿ ಒಬ್ಬ ಸುಳ್ಳು ಹೇಳುತ್ತಿರಬೇಕು. ಅವರ ನಿಜವಾದ ಪಾಠ ಯಾವುದು?"

ಹೀಗೆ ಕೇಳಿದ ಶಿಷ್ಯನೂ ಅವನ ಜೊತೆಯವನೂ ಒಂದೇ ಪಂಕ್ತಿಯಲ್ಲಿ ಕೂತು ಉಂಡು ಬಹಳ ದಿನವಾಗಿತ್ತು. ದೊಡ್ಡ ಗುರುಗಳ ನಂತರ ಆ ಮಠವನ್ನು ನಡೆಸುತ್ತಿದ್ದವರು ಒಬ್ಬ ಮುದುಕಿ. ಎಲ್ಲರೂ ಅವರನ್ನು ತಾಯಿ ಎನ್ನುತ್ತಿದ್ದರು. ಓದು ಬರಹ ಬಾರದು. ಅವರು ಸೊಪ್ಪು ಸೋಸುತ್ತಾ ಕೂತಿದ್ದರು.

"ಕೂತುಕೋ ಮಗಾ. ಒಂಟಿ ಕಾಲಲ್ಲಿ ನಿಂತು ಕೇಳುವ ಕತೆಯಲ್ಲ ಇದು. ಆ ಸೊಪ್ಪಿನ ಕಟ್ಟು ಈಚೆಗೆ ತಳ್ಳು, ಗೋಡೆಗೆ ಒರಗು. ನಡುವೆ ಬಾಯಿ ಹಾಕಬೇಡ. ಮುಗಿದ ಮೇಲೂ ಕೇಳಬೇಕು ಅನ್ನಿಸಿದರೆ ಆಗ ಕೇಳು" ಎಂದು ತಾಯಿ ಹೇಳತೊಡಗಿದರು.

ಒಂದೂರಲ್ಲಿ ಒಬ್ಬ ಅಕ್ಕ, ಒಬ್ಬ ತಂಗಿ. ಅಪ್ಪ ಮೊದಲೇ ಹೋಗಿದ್ದ. ಗಂಡುಮಕ್ಕಳಿಲ್ಲ. ಅವ್ವ ಒಬ್ಬಳೇ ದುಡಿದು ಇಬ್ಬರನ್ನೂ ಸಾಕಿದಳು, ಇಬ್ಬರಿಗೂ ಮದುವೆ ಮಾಡಿದಳು, ಕೊನೆಗೆ ಕಣ್ಣು ಮುಚ್ಚಿದಳು. ಅಕ್ಕ ಅವ್ವನ ಮನೆಯಲ್ಲೇ ಉಳಿದಳು. ತಂಗಿ ಪಕ್ಕದೂರಿಗೆ ಸೊಸೆಯಾಗಿ ಹೋಗಿದ್ದಳು.

ಹಿರಿಯರ ಹಬ್ಬ ಬಂತು, ತಂಗಿ ತವರಿಗೆ ಬಂದಳು. ಹಬ್ಬದ ದಿನ ಸತ್ತವರಿಗೆ ಎಡೆ ಇಡಬೇಕು. ಅವರು ಬದುಕಿದ್ದಾಗ ಏನನ್ನು ಆಸೆಪಟ್ಟು ತಿನ್ನುತ್ತಿದ್ದರೋ ಅದನ್ನೇ ಎಲೆ ಮೇಲೆ ಬಡಿಸಬೇಕು. ತಪ್ಪಿದರೆ ಹಿರಿಯರು ಬಾಗಿಲ ತನಕ ಬಂದು ಹಸಿದ ಹೊಟ್ಟೆಯಲ್ಲಿ ತಿರುಗಿ ಹೋಗುತ್ತಾರೆ ಅನ್ನುವುದು ಆ ಊರಿನ ನಂಬಿಕೆ. ಅವ್ವನ ಎಡೆಗೆ ಏನು ಎಂದು ಅಕ್ಕತಂಗಿಯರು ಯೋಚಿಸಲೇ ಇಲ್ಲ. ಅವ್ವ ಎಂದರೆ ಆಲೂಗೆಡ್ಡೆ ಮೊಸರುಬಜ್ಜಿ. ಆ ಕೈರುಚಿ ಕೇರಿಗೆಲ್ಲ ಗೊತ್ತಿತ್ತು.

ಅಕ್ಕ ಬೆಂದ ಗೆಡ್ಡೆಯ ಸಿಪ್ಪೆ ಸುಲಿದು ಬೆರಳಲ್ಲೇ ಮುರಿದಳು. ಆಗ ತಾನೇ ಹೆಪ್ಪಾದ ಸಿಹಿ ಮೊಸರು, ಉಪ್ಪು, ಒಂದು ಚಿಟಿಕೆ ಜೀರಿಗೆ, ಕೊತ್ತಂಬರಿ ಸೊಪ್ಪು. ಅಷ್ಟೇ. ತಂಗಿ ಇನ್ನೊಂದು ಪಾತ್ರೆಯಲ್ಲಿ ಹುಳಿ ಮೊಸರು ಸುರಿದಳು. ಹಸಿ ಈರುಳ್ಳಿ ಹೆಚ್ಚಿ ಹಾಕಿದಳು. ಮೇಲೆ ಸಾಸಿವೆ, ಒಣಮೆಣಸಿನಕಾಯಿಯ ಒಗ್ಗರಣೆ ಕೊಟ್ಟಳು.

"ಏನೇ ಅದು, ಈರುಳ್ಳಿ? ಅವ್ವ ಬಜ್ಜಿಗೆ ಈರುಳ್ಳಿ ಸೋಕಿಸಿದವಳೇ ಅಲ್ಲ" ಎಂದಳು ಅಕ್ಕ.

"ನಿನ್ನದೇನಕ್ಕ, ಬಾಣಂತಿ ಪಥ್ಯದ ಹಾಗಿದೆ? ಒಗ್ಗರಣೆ ಚುರ್ ಅನ್ನದ್ದನ್ನು ಅವ್ವ ಬಜ್ಜಿ ಅಂತ ಕರೆದದ್ದು ನಾನು ಕೇಳಿಲ್ಲ."

"ನಾನು ದೊಡ್ಡವಳು. ನೀನು ಹುಟ್ಟೋಕೆ ಮುಂಚಿನಿಂದ ತಿಂದಿದ್ದೀನಿ."

"ತಿಂದಿದ್ದೀಯ ಸರಿ. ನಾಲಿಗೆ ಎಲ್ಲಿಟ್ಟಿದ್ದೆಯೋ!"

ಸೋಲುವವರು ಯಾರೂ ಇಲ್ಲ. ಎರಡನ್ನೂ ಒಂದೇ ಎಲೆ ಮೇಲೆ ಬಡಿಸಿ ಮಾಳಿಗೆ ಮೇಲೆ ಇಟ್ಟರು. ಕಾಗೆಯ ರೂಪದಲ್ಲಿ ಅವ್ವನೇ ಬಂದು ತೀರ್ಮಾನ ಹೇಳಲಿ ಎಂದು ಗೋಡೆ ಮರೆಯಲ್ಲಿ ಉಸಿರು ಹಿಡಿದು ನಿಂತರು. ಕಾಗೆ ಬಂತು. ಅಕ್ಕನ ಬಜ್ಜಿ ನೋಡಿತು. ಕತ್ತು ಕೊಂಕಿಸಿ ತಂಗಿಯ ಬಜ್ಜಿ ನೋಡಿತು. ಆಮೇಲೆ ಎಲೆಯ ಅಂಚಿನಲ್ಲಿದ್ದ ವಡೆ ಕಚ್ಚಿಕೊಂಡು ಹಾರಿಹೋಯಿತು. ವಡೆ ಮಾಡಿ ಕೊಟ್ಟವಳು ಪಕ್ಕದ ಮನೆಯ ಹೆಂಗಸು.

ತಂಗಿ ಸೆರಗು ಕೊಡವಿ ಹೊರಟಳು. "ಮುಂದಿನ ವರ್ಷದಿಂದ ಅವ್ವನ ಎಡೆ ನನ್ನ ಮನೆಯಲ್ಲಿ."

"ಅವ್ವ ತನ್ನ ಮನೆ ಬಿಟ್ಟು ನಿನ್ನ ಬಾಗಿಲಿಗೆ ಬರುತ್ತಾಳೇನೇ?"

"ಇಲ್ಲಿ ಹೊಟ್ಟೆಗೆ ಇಲ್ಲದೆ ಹೋದರೆ ಇನ್ನೆಲ್ಲಿಗೆ ಹೋಗಬೇಕು ಮತ್ತೆ?"

ಆ ಮಾತು ಅಕ್ಕನ ಎದೆಯಲ್ಲಿ ಮುಳ್ಳಾಗಿ ನಿಂತಿತು. ತಂಗಿಯ ಎದುರಿಗೆ ಗಟ್ಟಿ ನಿಂತಿದ್ದಳು ನಿಜ. ತನ್ನದೇ ಸರಿ ಎಂಬ ನಂಬಿಕೆ ಈಗಲೂ ಇತ್ತು. ಆದರೂ ಅನ್ನದ ತಪ್ಪಲೆ ಇಳಿಸುವಾಗೆಲ್ಲ ಅವ್ವ ಬಾಗಿಲಲ್ಲಿ ನಿಂತು ಹಾಗೇ ತಿರುಗಿ ಹೋದಂತೆ ಆಗುತ್ತಿತ್ತು. ತಂಗಿಯ ಮಾತು ನಿಜವಾದರೆ? ತನ್ನ ಕೈಯಿಂದಲೇ ಅವ್ವ ಉಪವಾಸ ಹೋದ ಹಾಗಾಯಿತಲ್ಲ. ತಂಗಿಯೂ ಇತ್ತ ಬರಲಿಲ್ಲ, ಇವಳೂ ಅತ್ತ ಹೋಗಲಿಲ್ಲ.

ಮತ್ತೆ ಹಬ್ಬ ಹತ್ತಿರವಾಯಿತು. ಅಕ್ಕ ಚಿಕ್ಕವ್ವನಿಗೆ ಹೇಳಿ ಕಳಿಸಿದಳು. ಚಿಕ್ಕವ್ವ ಅಂದರೆ ಅವ್ವನ ತಂಗಿ. ಗಂಡ ತೀರಿದ ಮೇಲೆ ಹಲವು ವರ್ಷ ಅವ್ವನ ಜೊತೆಯಲ್ಲೇ ಇದ್ದವಳು, ಅದೇ ಒಲೆ ಊದಿದವಳು. ತಂಗಿಗೂ ಹೇಳಿ ಕಳಿಸಿದಳು: "ಚಿಕ್ಕವ್ವ ಬರುತ್ತಾಳೆ. ನಿನ್ನ ಬಜ್ಜಿ ಸರಿ ಅಂದರೆ ಅವ್ವನ ಎಡೆ ನಿನ್ನ ಮನೆಗೆ ತೆಗೆದುಕೊಂಡು ಹೋಗು, ನಾನು ತುಟಿ ಬಿಚ್ಚುವುದಿಲ್ಲ. ನನ್ನದು ಸರಿ ಅಂದರೆ ನೀನು ಬಿಚ್ಚಬಾರದು."

ಹಬ್ಬದ ದಿನ ಪಾತ್ರೆ ಎರಡೂ ಚಿಕ್ಕವ್ವನ ಮುಂದೆ ಬಂದವು. ಚಿಕ್ಕವ್ವ ಅಕ್ಕನ ಬಜ್ಜಿಯನ್ನು ನಾಲಿಗೆಗೆ ಹಚ್ಚಿಕೊಂಡಳು.

"ಇದು ನಿಮ್ಮವ್ವನದೇ."

ಅಕ್ಕನ ಮುಖ ಅರಳಿತು. ಚಿಕ್ಕವ್ವ ತಂಗಿಯ ಬಜ್ಜಿಯನ್ನೂ ನೆಕ್ಕಿ ನೋಡಿದಳು.

"ಇದೂ ನಿಮ್ಮವ್ವನದೇ."

"ಎರಡೂ ಹೇಗಾಗುತ್ತೆ ಚಿಕ್ಕವ್ವ? ದಾಕ್ಷಿಣ್ಯ ನೋಡಬೇಡ, ಸರಿಯಾಗಿ ಹೇಳು" ಎಂದಳು ಅಕ್ಕ.

"ನಿಮ್ಮ ಹತ್ತಿರ ನನಗೇನೇ ದಾಕ್ಷಿಣ್ಯ? ನಿಮ್ಮಿಬ್ಬರ ಮೂಗು ಒರೆಸಿದವಳು ನಾನು. ಕೇಳು. ನೀನು ಬಿಸಿಲೇರುವ ಮುಂಚೆ ಉಂಡು ಹೊಲಕ್ಕೆ ಹೋಗುತ್ತಿದ್ದೆ. ಈರುಳ್ಳಿ ಹಲ್ಲಿಗೆ ಸಿಕ್ಕರೆ ಥೂ ಅಂತ ಉಗಿಯುತ್ತಿದ್ದೆ. ನಿಮ್ಮವ್ವ ನಿನಗೆ ಸಿಹಿ ಮೊಸರು ಕಲಸಿ ಬಡಿಸುತ್ತಿದ್ದಳು. ಇವಳು ಆಡು ಮೇಯಿಸಿಕೊಂಡು ಮಧ್ಯಾಹ್ನಕ್ಕೆ ಬರುತ್ತಿದ್ದಳು. ಅಷ್ಟು ಹೊತ್ತಿಗೆ ಮೊಸರು ಹುಳಿ ತಿರುಗಿರುತ್ತಿತ್ತು. ಈ ಮಾರಾಯ್ತಿಗೋ, ಖಾರ ನೆತ್ತಿಗೆ ಏರದಿದ್ದರೆ ಅದು ಊಟವೇ ಅಲ್ಲ. ಉಳಿದಿದ್ದಕ್ಕೆ ಈರುಳ್ಳಿ ಹೆಚ್ಚಿ ಹಾಕಿ, ಒಗ್ಗರಣೆ ಕೊಟ್ಟು ಇವಳಿಗೆ ಬಡಿಸುತ್ತಿದ್ದಳು. ಪಾತ್ರೆ ಒಂದೇ ಕಣ್ರೇ. ನಿನ್ನ ಹೊತ್ತು ನಿನಗೆ ಗೊತ್ತು, ಇವಳ ಹೊತ್ತು ಇವಳಿಗೆ ಗೊತ್ತು."

ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ತಂಗಿಗೆ ನಗು ಬಂತು. ಅಕ್ಕನಿಗೆ ಬರಲಿಲ್ಲ. ಅವಳ ಎದೆಯ ಮುಳ್ಳು ಇನ್ನೂ ಅಲ್ಲೇ ಇತ್ತು.

"ನಾನು ಉಂಡದ್ದು ಇದು, ಇವಳು ಉಂಡದ್ದು ಅದು. ಎಡೆ ನಮಗಲ್ಲವಲ್ಲ ಚಿಕ್ಕವ್ವ. ಅವ್ವ ಏನು ತಿನ್ನುತ್ತಿದ್ದಳು?"

ಚಿಕ್ಕವ್ವ ಅವಳನ್ನೇ ನೋಡಿದಳು. "ಇಷ್ಟು ವರ್ಷಕ್ಕೆ ಈಗ ಕೇಳಿದೆ" ಎಂದಳು. ಎದ್ದು ಎರಡು ಎಲೆ ಹಾಕಿದಳು. ಇಬ್ಬರನ್ನೂ ರಟ್ಟೆ ಹಿಡಿದು ಕೂರಿಸಿದಳು. ಅವರವರ ಬಜ್ಜಿಯನ್ನು ಅವರವರಿಗೆ ಬಡಿಸಿ, "ಉಣ್ಣಿ" ಎಂದಳು.

ಅಕ್ಕ ಬೆಚ್ಚಿದಳು. "ನೀನು ರುಚಿ ನೋಡಿದ್ದು ಬೇರೆ. ಎಡೆ ಇಡುವ ಮುಂಚೆ ನಾವು ಉಣ್ಣುವುದೇ? ಎಂಜಲಾಗುತ್ತೆ ಚಿಕ್ಕವ್ವ!"

"ನೀವು ಉಣ್ಣದೆ ಅವಳು ಒಂದು ದಿನವಾದರೂ ಉಂಡಿದ್ದಾಳೇನೇ? ಬದುಕಿದ್ದಾಗ ಮುಂಚೆ ಕೂರದವಳು ಸತ್ತ ಮೇಲೆ ಕೂರುತ್ತಾಳಾ? ಮಾತು ಸಾಕು. ಉಣ್ಣಿ."

ಇಬ್ಬರೂ ತಲೆ ತಗ್ಗಿಸಿ ಉಂಡರು. ತಿರುಗಿ ಬಡಿಸಿಕೊಂಡು ಉಂಡರು. ಪಾತ್ರೆಗಳು ಬರಿದಾದವು. ಆಗ ಚಿಕ್ಕವ್ವ ಅಕ್ಕನ ಪಾತ್ರೆಯ ತಳದಲ್ಲಿ ಅಂಟಿದ್ದನ್ನು ಗೋರಿ ತಂಗಿಯ ಪಾತ್ರೆಗೆ ಹಾಕಿದಳು. ಒಂದು ಹಿಡಿ ಬಿಸಿ ಮುದ್ದೆ ಮುರಿದು, ಒಳಗೆಲ್ಲ ಒತ್ತಿ ಒರೆಸಿದಳು. ಮುದ್ದೆಗೆ ಒಂದಿಷ್ಟು ಮೊಸರು, ಒಂದೆರಡು ಚೂರು ಈರುಳ್ಳಿ, ಸೀದ ಸಾಸಿವೆ ಹತ್ತಿದವು. ಅದನ್ನು ಅವ್ವನ ಎಲೆ ಮೇಲೆ ಇಟ್ಟಳು.

"ಇದು ಅವಳು ತಿನ್ನುತ್ತಿದ್ದದ್ದು. ನೀವಿಬ್ಬರೂ ಹೊಟ್ಟೆ ತುಂಬ ಉಂಡ ದಿನ ಬಲು ರುಚಿ ಅನ್ನುತ್ತಿದ್ದಳು."

ತಂಗಿ ಅಕ್ಕನ ಭುಜಕ್ಕೆ ಮುಖ ಹಚ್ಚಿದಳು. ಅಕ್ಕ ಅವಳ ಬೆನ್ನು ಸವರಿದಳು. ಆ ದಿನ ಕಾಗೆ ಬಂತೋ ಇಲ್ಲವೋ, ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ. ಎಡೆ ತೆಗೆದ ಮೇಲೆ ಆ ಮುದ್ದೆಯನ್ನು ಮುರಿದು ಹಂಚಿಕೊಂಡರು. ಅಕ್ಕನ ಹಲ್ಲಿಗೆ ಈರುಳ್ಳಿ ಸಿಕ್ಕಿತು. ಉಗಿಯಲಿಲ್ಲ.

ಆಮೇಲೆ ಏನಾಯಿತು ಅಂದರೆ, ಚಿಕ್ಕವ್ವ ತಿರುಗಿ ತನ್ನೂರಿಗೆ ಹೋಗಲಿಲ್ಲ. ಅಕ್ಕ ಅವಳ ಗಂಟು ಬಚ್ಚಿಟ್ಟು ಮನೆಯಲ್ಲೇ ಉಳಿಸಿಕೊಂಡಳು. ಇರುವಷ್ಟು ದಿನ ಅವಳ ಎಲೆಯೇ ಮೊದಲು. ತಂಗಿ ಎಡೆಯ ಮಾತು ಮತ್ತೆ ಎತ್ತಲಿಲ್ಲ. ಪ್ರತಿ ಹಬ್ಬಕ್ಕೂ ಹುಳಿ ಮೊಸರಿನ ಕುಡಿಕೆ ಹೊತ್ತು ಅವ್ವನ ಮನೆಗೇ ಬಂದಳು. ಅಕ್ಕ ಹಬ್ಬದ ಆ ಒಂದು ತುತ್ತು ಬಿಟ್ಟರೆ ಸಾಯುವ ತನಕ ಈರುಳ್ಳಿ ಮುಟ್ಟಲಿಲ್ಲ. ಯಾರ ಬಜ್ಜಿ ರುಚಿ ಅನ್ನುವ ಜಗಳವನ್ನೂ ಇಬ್ಬರೂ ಸಾಯುವ ತನಕ ಬಿಡಲಿಲ್ಲ. ಆದರೆ ಮುದ್ದೆ ಒರೆಸುವ ಹೊತ್ತಿಗೆ ಪಾತ್ರೆ ಒಂದೇ ಆಗುತ್ತಿತ್ತು.

ತಾಯಿ ಕತೆ ನಿಲ್ಲಿಸಿ ಸೊಪ್ಪಿನ ಬುಟ್ಟಿ ಎತ್ತಿಕೊಂಡರು. ಶಿಷ್ಯ, "ಹಾಗಾದರೆ ನಮ್ಮ ದೊಡ್ಡ ಗುರುಗಳು..." ಎಂದು ಬಾಯಿ ತೆಗೆದ.

"ನಿನಗೆ ಬಡಿಸಿದ್ದನ್ನು ನೀನು ಉಂಡೆ, ಅವನಿಗೆ ಬಡಿಸಿದ್ದನ್ನು ಅವನು ಉಂಡ, ಬಡಿಸಿದವರು ಏನು ಉಂಡರು ಅಂತ ಇಬ್ಬರಲ್ಲಿ ಒಬ್ಬರಾದರೂ ನೋಡಿದಿರಾ ಮಗಾ?" ಎಂದರು ತಾಯಿ.

ಆ ದಿನ ಊಟದ ಹೊತ್ತಿಗೆ ಶಿಷ್ಯ ತನ್ನ ಎಲೆಯನ್ನು ಜೊತೆಯವನ ಎಲೆಯ ಪಕ್ಕದಲ್ಲಿ ಹಾಕಿದ.