ಐದು ಕಾಲಿನ ಎಮ್ಮೆ

ಬಹಳ ಬಹಳ ಹಿಂದೆ, ನಿಮ್ಮಜ್ಜನ ಅಜ್ಜನೂ ಹುಟ್ಟದೆ ಇದ್ದ ಕಾಲದಲ್ಲಿ, ಒಂದೂರಲ್ಲಿ ಮರುಳಸಿದ್ದಯ್ಯ ಅಂತ ಒಬ್ಬ ಐಗಳು ಮಕ್ಕಳಿಗೆ ಪಾಠ ಹೇಳ್ಕೊಂಡಿದ್ರಂತೆ. ಗೌಡತಿ ಪುಟ್ಟಮಲ್ಲಮ್ಮನ ಖಾಲಿ ಕೊಟ್ಟಿಗೆಯೇ ಅವರ ಶಾಲೆಯಂತೆ. ಮಕ್ಕಳು ಮುಂದೆ ಮರಳು ಹರಡ್ಕೊಂಡು ಬೆರಳಲ್ಲಿ ತಿದ್ದೋದು, ಐಗಳು ಏನಂದ್ರೂ ಎಲ್ಲರೂ ಒಟ್ಟಿಗೆ ಅದನ್ನೇ ಅನ್ನೋದು, ಅಷ್ಟೇ ಪಾಠ. ಯಾರಾದ್ರೂ ತಮ್ಮದೊಂದು ಮಾತು ಸೇರಿಸಿದ್ರೋ, ಕೆಂಪಗಾಗೋ ಹಾಗೆ ಕಿವಿ ಹಿಂಡೋರಂತೆ. ಏನು ಹೇಳ್ಲಿ ಆ ಮನುಷ್ಯನಿಗೆ!

ಆಮೇಲೆ ಗೌಡತಿಗೆ ಎಮ್ಮೆ ಕಟ್ಟೋಕೆ ಜಾಗ ಸಾಲದೆ, ಮಕ್ಕಳು ಏನು ಕಲಿತಿದಾವೆ ನೋಡ್ತೀನಿ, ಏನೂ ಇಲ್ದಿದ್ರೆ ಕೊಟ್ಟಿಗೆ ಬಿಡಿ ಅಂತ ಬಂದೇಬಿಟ್ಲಂತೆ.

ಮೊದಲು ಅವಳು, ಬೆಳಿಗ್ಗೆ ಏನು ತಿಂದ್ರಿ ಮಕ್ಕಳೇ ಅಂದ್ಲಂತೆ. ಮಕ್ಕಳೆಲ್ಲ ಕೈ ಕಟ್ಕೊಂಡು, ಬೆಳಿಗ್ಗೆ ಏನು ತಿಂದ್ರಿ ಮಕ್ಕಳೇ ಅಂದ್ವಂತೆ. ಅವಳಿಗೆ ರೇಗಿ, ಇದೇನ್ರೀ ಐಗಳೇ, ಇವಕ್ಕೆ ತಲೆಗಿಲೆ ಕೆಟ್ಟಿದೆಯಾ ಅಂದ್ರೆ, ಅದನ್ನೂ ರಾಗ ಸಮೇತ ಒಪ್ಪಿಸಿದ್ವಂತೆ. ಐಗಳು ಹಣೆ ಹಣೆ ಚಚ್ಕೊಂಡ್ರೆ, ಅಯ್ಯೋ ರಾಮ, ಅವೂ ಚಚ್ಕೊಂಡ್ವಂತೆ! ನಗಬೇಡ, ಮಲಗು.

ಆಮೇಲೆ ಮೂರನೇದಕ್ಕೆ ಗೌಡತಿ, ಇದೇ ಕೊನೆ, ಯಾರೂ ಹೇಳಿಕೊಡದ್ದು ಏನಾದ್ರೂ ಮರಳಲ್ಲಿ ಬರೀರಿ, ಐಗಳೇ ನೀವು ಆಚೆ ನಡೀರಿ ಅಂದ್ಲಂತೆ. ಐಗಳು ಬಾಗಿಲ ಸಂದಿಗೆ ಕಿವಿ ಕೊಟ್ಟು ನಿಂತ್ರೆ, ಒಳಗೆ ಪಿಟ್ಟೆನ್ನೋ ಸದ್ದೂ ಇಲ್ಲ. ಕೂಗಿ ಹೇಳಿಕೊಟ್ಟುಬಿಡೋಣ ಅಂತ ನಾಲಿಗೆ ತುರಿಸ್ತಂತೆ, ಶಲ್ಯದ ತುದೀನ ಬಾಯಿಗೆ ತುರುಕ್ಕೊಂಡು ತಡ್ಕೊಂಡ್ರಂತೆ. ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಅವರು ಮಾಡಿರಲೇ ಇಲ್ಲ. ಆಮೇಲೆ ಒಳಗೆ ಗುಸುಗುಸು, ಆಮೇಲೆ ಜಗಳ, ಆಮೇಲೆ ಗೌಡತಿ ಹೊಟ್ಟೆ ಹಿಡ್ಕೊಂಡು ನಗೋ ಸದ್ದು ಬಂತಂತೆ.

ಓಡಿ ಬಂದು ನೋಡಿದ್ರೆ, ಒಬ್ಬರು ಬರೆದ ಹಾಗೆ ಇನ್ನೊಬ್ಬರು ಬರೆದಿಲ್ವಂತೆ. ಚೆಲುವಿ ಅನ್ನೋ ಪುಟ್ಟ ಹುಡುಗಿ ಐದು ಕಾಲಿನ ಎಮ್ಮೆ ಬರೆದಿದ್ಲಂತೆ. ಐಗಳ ಕೈ ಅವಳ ಕಿವಿ ತನಕ ಹೋಗಿ, ಅಲ್ಲೇ ನಿಂತುಬಿಡ್ತಂತೆ. ಐದನೇದು ಯಾಕವ್ವಾ ಅಂತ ಅವರು ಕೇಳಿದ್ರಂತೆ. ನಾಲ್ಕು ನಿಂತ್ಕೊಳ್ಳೋಕೆ, ಒಂದು ಒದೆಯೋಕೆ ಅಂದ್ಲಂತೆ.

ಗೌಡತಿ ಎಮ್ಮೆಗೆ ಹಿತ್ತಲಲ್ಲೇ ಚಪ್ಪರ ಹಾಕಿಸಿ, ಕೊಟ್ಟಿಗೇನ ಮಕ್ಕಳಿಗೇ ಬಿಟ್ಲಂತೆ. ಮಾರನೇ ದಿನ ಐಗಳು, ಎಮ್ಮೆ ಯಾಕೆ ಕಪ್ಪು ಅಂತ ಕೇಳಿ, ಬಾಯಿ ಮುಚ್ಕೊಂಡು ಕೂತ್ರಂತೆ. ಉತ್ತರ ಅವರಿಗೂ ಗೊತ್ತಿರಲಿಲ್ಲ. ಒಂದೊಂದು ಮಗು ಒಂದೊಂದು ಹೇಳಿ, ಸಂಜೆಯಾದ್ರೂ ಯಾವುದೂ ಮನೆಗೆ ಹೊರಡಲೇ ಇಲ್ವಂತೆ. ಅಲ್ಲಿಗೆ ಅವರೂ ಸುಖ, ನನ್ನ ಕತೆಯೂ ಆಯ್ತು. ಎಮ್ಮೆ ಯಾಕೆ ಕಪ್ಪು ಅಂತ ನೀನು ಬೆಳಿಗ್ಗೆ ಹೇಳು, ಈಗ ಕಣ್ಣು ಮುಚ್ಚು.