ಗವಿಯನ ಗಾಳ ಆಟವಾದದ್ದು

ಹೂಂ ಅನ್ನೋರು ಹತ್ತಿರ ಬನ್ನಿ, ಆಕಳಿಸೋರು ಹಿಂದಕ್ಕೆ ಹೋಗಿ. ಕೆರೆಕೋಡಿ ಅಂತ ಒಂದೂರು. ಆ ಊರಲ್ಲಿ ಸಾಕವ್ವ ಅಂತ ಒಬ್ಬಳು. ಅವಳಿಗೊಬ್ಬನೇ ಮಗ, ಗವಿಯ. ಮೈ ಆಳೆತ್ತರ ಬೆಳೆದಿತ್ತು, ಬುದ್ಧಿ ಮೊಣಕಾಲಿಗೇ ನಿಂತಿತ್ತು. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. "ಬಾಗಿಲು ನೋಡ್ಕೊಳ್ಳೋ" ಅಂದರೆ ಸಂಜೆತನಕ ಬಾಗಿಲನ್ನೇ ನೋಡ್ತಾ ಕೂರೋನು. ಹಿತ್ತಲ ಕಡೆಯಿಂದ ನಾಯಿ ಬಂದು ಮುದ್ದೆ ತಿಂದು ಹೋಗೋದು.

ಗವಿಯನಿಗೆ ಇದ್ದದ್ದು ಒಂದೇ ಖುಷಿ. ಕೆರೆ ಏರಿ ಮೇಲೆ ಗಾಳ ಬಿಟ್ಕೊಂಡು ಸುಮ್ಮನೆ ಕೂರೋದು. ಮೀನು ಬಂದರೂ ಸೈ, ಬರದಿದ್ದರೂ ಸೈ.

ಗೋಡೆಯಾಚೆ ಮನೆ ಸಾಕವ್ವನ ಸ್ವಂತ ತಂಗಿ ಚೆಲುವವ್ವಂದು. ಅವಳ ಮಗ ಮರಿಸ್ವಾಮಿ ಕಬಡ್ಡಿ ಆಟಗಾರ. ಗೆದ್ದು ಬಂದ ದಿನ ಹುಡುಗರು ಅವನಿಗೆ ಹಾರ ಹಾಕಿ, ಹೆಗಲ ಮೇಲೆ ಹೊತ್ತು, ತಮಟೆ ಬಡ್ಕೊಂಡು ತರೋರು. ತಮಟೆ ಸದ್ದು ಕೇಳಿದರೆ ಸಾಕು, ಸಾಕವ್ವನ ಒಲೆ ಮೇಲಿನ ಸಾರು ಸೀದು ಹೋಗೋದು. ಒಲೆಗಿಂತ ಜಾಸ್ತಿ ಅವಳ ಹೊಟ್ಟೆ ಉರಿಯೋದು.

ಒಂದಿನ ತಡೆಯೋಕಾಗದೆ ಗೋಡೆ ಮೇಲಿಂದ ಕೂಗಿದಳು. "ಲೇ ಚೆಲುವಿ, ಬಾಳ ಮೆರೀಬ್ಯಾಡ! ನನ್ ಮಗನೂ ಆಟಗಾರನೇಯ! ಗಾಳದಲ್ಲಿ ಅವನನ್ನ ಮೀರ್ಸೋರಿಲ್ಲ!"

ಚೆಲುವವ್ವ ಪಕ್ಕೆ ಹಿಡ್ಕೊಂಡು ನಕ್ಕಳು. "ಗಾಳ ಹಾಕೋದು ಆಟವೇನಕ್ಕಾ? ಅದು ಹವ್ಯಾಸ! ಹೊತ್ತು ಹೋಗದೋರು ಮಾಡೋದು! ಆಟ ಅಂದ್ರೆ ಮೈ ಬೆವರಬೇಕು!"

ಸಾಕವ್ವ ದಡದಡ ಒಳಗೆ ಬಂದಳು. "ಲೋ ಗವಿಯ! ನಾಳೆಯಿಂದ ಮೈಯಲ್ಲಿ ಬೆವರು ಹರೀಬೇಕು ಕಣೋ!"

"ಆಗ್ಲಿ ಕಣವ್ವ!"

ಮಾರನೇ ದಿನ ನಡುಮಧ್ಯಾಹ್ನ. ನೆತ್ತಿ ಸುಡೋ ಬಿಸಿಲು. ಗವಿಯ ಎರಡು ಕಂಬಳಿ ಹೊದ್ಕೊಂಡ. ಮಡಕೆ ತುಂಬ ಕೆಂಡ ತುಂಬ್ಕೊಂಡು ಪಕ್ಕದಲ್ಲಿಟ್ಕೊಂಡ. ಗಾಳ ಬಿಟ್ಟ, ಕೂತ. ಬೆವರಿದ, ಬೆವರಿದ, ಬೆವರಿ ಬೆವರಿ ದೊಪ್ಪಂತ ಬಿದ್ದ. ನೀರಿಗೆ ಬಂದಿದ್ದ ಚೆಲುವವ್ವನೇ ಮುಖಕ್ಕೆ ನೀರು ಹೊಡೆದು ಎಬ್ಬಿಸಿದಳು. ಓಡಿ ಬಂದ ಸಾಕವ್ವನಿಗೆ ಅದು ಇನ್ನೊಂದು ಉರಿ.

"ಬೆವರಿದ್ರೆ ಸಾಕೇನಕ್ಕಾ? ಹಂಗಾದ್ರೆ ಸೌದೆ ಒಡೆಯೋದೂ ಆಟವೇ," ಅಂದಳು ಚೆಲುವವ್ವ. "ಆಟಕ್ಕೆ ಎದುರಾಳಿ ಬೇಕು. ನನ್ ಮಗನಿಗೆ ಏಳು ಜನ ಎದುರಾಳಿ!"

ಸಾಕವ್ವ ಮಗನ ಬೆನ್ನಿಗೆ ಗುದ್ದಿದಳು. "ಹೆಣದಂಗೆ ಬಿದ್ದು ಮಾನ ಕಳೆದ್ಯಲ್ಲೋ! ಎದುರಾಳಿ ಬೇಕಂತೆ, ಎದುರಾಳಿ! ಅವನಿಗೆ ಏಳಿದ್ರೆ ನಿನಗೂ ಏಳಿರಲಿ!"

"ಆಗ್ಲಿ ಕಣವ್ವ!"

ಮರುದಿನ ಸಾಕವ್ವನ ರಾಗಿ ಹೊಲದಲ್ಲಿ ಏಳು ಆಳು ಕಳೆ ಕೀಳ್ತಿದ್ದರು. ಗವಿಯ ಹೋದ. "ಬನ್ರಪ್ಪೋ, ಅವ್ವ ಹೇಳವ್ಳೆ!" ಅಂದ. ಏಳೂ ಜನರನ್ನ ಕೆರೆ ಆಚೆ ದಡಕ್ಕೆ ಕರ್ಕೊಂಡು ಹೋಗಿ ಸಾಲಾಗಿ ಕೂರಿಸಿದ. ತಾನು ಈಚೆ ದಡದಲ್ಲಿ ಕೂತ. ಅವರು ಇವನನ್ನ ನೋಡಿದರು, ಇವನು ಅವರನ್ನ ನೋಡಿದ. ಸ್ವಲ್ಪ ಹೊತ್ತಿಗೆ ಅವರು ಎಲೆಅಡಿಕೆ ಹಾಕ್ಕೊಂಡು ಮಲಗಿಬಿಟ್ಟರು.

ಬುತ್ತಿ ತಂದ ಸಾಕವ್ವ ನೋಡ್ತಾಳೆ, ಹೊಲ ಖಾಲಿ! ಕಳೆ ಗೆದ್ದವರ ಹಾಗೆ ನಿಂತದೆ! ಓಡಿ ಕೆರೆಗೆ ಬಂದಳು.

"ಏನೋ ಇದು ನನ್ ಕರ್ಮ!"

"ಎದುರಿಗೆ ಆಳು ಬೇಕು ಅಂದ್ಯಲ್ಲವ್ವಾ. ಲೆಕ್ಕ ಮಾಡ್ಕೊ, ಏಳವ್ರೆ."

ಸಾಕವ್ವ ಹಣೆ ಹಣೆ ಚಚ್ಚಿಕೊಂಡಳು. "ಎದುರಾಳಿ ಅಂದ್ರೆ ಎದುರಿಗೆ ಕೂರೋ ಆಳಲ್ಲ ಕಣೋ! ಕೈಗೆ ಸಿಗದೆ ನುಣುಚ್ಕೊಳ್ಳೋನು! ಅಂಥೋನು ಕಂಡ್ರೆ ಬಿಡಬ್ಯಾಡ! ಕಾಲು ಹಿಡ್ಕೊಂಡು ಕೆಡವು!"

"ಆಗ್ಲಿ ಕಣವ್ವ!"

ಈ ಕಡೆ ಸಾಕವ್ವ ಸುಮ್ಮನಿರಲಿಲ್ಲ. ದಿನಾ ಬೆಳಿಗ್ಗೆ ಪಂಚಾಯ್ತಿ ಅಧ್ಯಕ್ಷ ಜವರಪ್ಪನ ಮನೆ ಮುಂದೆ ಹಾಜರ್. "ಸ್ವಾಮಿ, ಕಬಡ್ಡಿಗೊಂದೇ ಪಂದ್ಯವಾ? ಗಾಳಕ್ಕೂ ಪಂದ್ಯ ಇಡಿ! ಪಂದ್ಯ ಇಟ್ಟ ಮೇಲೆ ಅದು ಆಟವಲ್ಲ ಅಂತ ಯಾರಂತಾರೆ ನೋಡೇ ಬಿಡ್ತೀನಿ!" ಜವರಪ್ಪನಿಗೆ ಸಾಕಾಗಿ ಹೋಗಿತ್ತು. ಸಾಕವ್ವನ ಸೀರೆ ಕಂಡರೆ ಹಿತ್ತಲ ಬಾಗಿಲಲ್ಲಿ ಓಡೋನು.

ಒಂದಿನ ಹಾಗೇ ಬೇಲಿ ಹಾರಿ ಓಣಿಗೆ ಬಿದ್ದ. ಎದುರಿಗೆ ಗವಿಯ!

'ಅವ್ವನ ಕೈಗೆ ಸಿಗದೆ ನುಣುಚ್ಕೊತಾವ್ನೆ! ಇವನೇ ಎದುರಾಳಿ!' ಅಂದ್ಕೊಂಡ ಗವಿಯ ಎಗರಿ ಕಾಲು ಹಿಡಿದ. ಅಧ್ಯಕ್ಷ ಮಣ್ಣಿಗೆ ಮೂತಿ ಕೊಟ್ಟು ಬಿದ್ದ.

"ಬಿಡೋ!"

"ಬಿಡಬ್ಯಾಡ ಅಂದವ್ಳೆ ಅವ್ವ!"

"ಪಂಚೆ ಬಿಚ್ಚೋಗ್ತದೆ ಬಿಡೋ!"

"ಅವ್ವ ಪಂಚೆ ವಿಷಯ ಹೇಳಿಲ್ಲ!"

ಸಾಕವ್ವ ಓಡಿ ಬಂದಳು. ಮಗನನ್ನ ಬೈಯೋಕೆ ಬಾಯಿ ತೆಗೆದಳು. ಅಷ್ಟರಲ್ಲಿ ತಂಗಿ ನಗು ನೆನಪಾಯ್ತು, ಬಾಯಿ ಮುಚ್ಚಿದಳು. ಸೊಂಟದ ಮೇಲೆ ಕೈ ಇಟ್ಟು ನಿಂತಳು. "ಮೊದ್ಲು ಪಂದ್ಯ ಇಡ್ತೀನಿ ಅನ್ನಿ ಸ್ವಾಮಿ, ಆಮೇಲೆ ಬಿಡಿಸ್ತೀನಿ."

"ಇಡ್ತೀನಿ ತಾಯಿ! ಬರೋ ಭಾನುವಾರವೇ! ಸೀಟಿ ಊದಿಸ್ತೀನಿ, ತಕ್ಕಡಿ ತರಿಸ್ತೀನಿ, ಯಾರ ಮೀನು ಜಾಸ್ತಿ ತೂಕವೋ ಅವರಿಗೆ ಹಿತ್ತಾಳೆ ಬಿಂದಿಗೆ! ಕಾಲು ಬಿಡಿಸು!"

ಮಣ್ಣು ಕೊಡವಿಕೊಂಡು ಎದ್ದ ಜವರಪ್ಪ ಗವಿಯನ ಮುಂದೆ ಬೆರಳಾಡಿಸಿದ. "ಇದು ಪುಂಡಾಟ ಕಣೋ! ಆಟಗಾರ ಆದೋನು ಗೆದ್ದ ಮೇಲೆ ಎದುರಾಳಿ ಕೈ ಕುಲುಕಬೇಕು. ಬೆನ್ನು ತಟ್ಟಿ, ಚೆನ್ನಾಗಾಡ್ದೆ ಅನ್ನಬೇಕು. ಮರ್ಯಾದೆಯಿಂದ ಮನೆಗೆ ಕಳಿಸಬೇಕು!"

"ಕೇಳುಸ್ಕೊಂಡ್ಯೇನೋ?" ಅಂದಳು ಸಾಕವ್ವ.

"ಆಗ್ಲಿ ಕಣವ್ವ!"

ಭಾನುವಾರ ಬಂತು. ಕೆರೆ ಏರಿ ಮೇಲೆ ಊರಿಗೂರೇ ನೆರೆದಿತ್ತು. ಶಾಮಿಯಾನ, ತಕ್ಕಡಿ, ಫಳಫಳ ಬಿಂದಿಗೆ. ಈಗ ಹೊಟ್ಟೆ ಉರಿಯೋ ಸರದಿ ಚೆಲುವವ್ವಂದು. "ಸೀಟಿ ಊದಿದ್ರೆ ಹವ್ಯಾಸ ಆಟ ಆಗೋಗ್ತದಾ?" ಅಂತ ಕಂಡಕಂಡೋರನ್ನ ಕೇಳಿದಳು. ತಡೀಲಾರದೆ ಮರಿಸ್ವಾಮಿ ಕೈಗೂ ಒಂದು ಗಾಳ ಕೊಟ್ಟು ಕೂರಿಸಿದಳು.

ಸೀಟಿ ಊದಿದರು. ಕೂತಲ್ಲಿ ಕೂರಲಾರದೆ ಮರಿಸ್ವಾಮಿ ಎದ್ದ, ಕೂತ, ತೊಡೆ ತಟ್ಟಿದ. ಅವನ ಗಾಳಕ್ಕೆ ಅಂಗೈಯಗಲದ ಒಂದು ಮೀನು ಬಿತ್ತು. ಗವಿಯ ಮಾತ್ರ ಕಲ್ಲಿನ ಹಾಗೆ ಕೂತಿದ್ದ. ಒಂದು ತಾಸಾಯ್ತು, ಎರಡು ತಾಸಾಯ್ತು. ಗಾಳದ ಬೆಂಡು ಗುಳುಕ್ಕಂತ ಮುಳುಗಿತು!

ಕೋಲು ಬಿಲ್ಲಿನ ಹಾಗೆ ಬಾಗಿತು. ಮೀನು ಎಳೀತು, ಗವಿಯ ಎಳೆದ. ಅದು ಎಡಕ್ಕೆ ನುಣುಚ್ತು, ಬಲಕ್ಕೆ ನುಣುಚ್ತು. ಜನ ಎದ್ದು ನಿಂತು ಕೂಗಿದರು: "ಬಿಡಬ್ಯಾಡ ಗವಿಯಾ!" ಅರ್ಧ ತಾಸು ಗುದ್ದಾಡಿ ದಡಕ್ಕೆ ತಂದ. ಎಂಥ ಗೆಂಡೆ ಮೀನು ಅಂತೀರಿ! ನಿಲ್ಲಿಸಿದರೆ ಅವನ ಸೊಂಟಕ್ಕೆ ಬರೋದು!

ಸಾಕವ್ವ ತಂಗಿ ಕಡೆ ತಿರುಗಿದಳು. ಈ ಗಳಿಗೆಗೆ ಅವಳು ಎಷ್ಟು ವರ್ಷ ಕಾದಿದ್ದಳೋ! "ನೋಡೇ ಚೆಲುವಿ! ಕಣ್ ಬಿಟ್ಟು ನೋಡು! ಇದು ಆಟವಾ, ಹವ್ಯಾಸವಾ?" ಚೆಲುವವ್ವನ ಮುಖ ಬದನೆಕಾಯಿ ಆಯ್ತು.

ತೂಕ ಹಾಕೋಕೆ ತಕ್ಕಡಿ ತಂದರು. ಅಷ್ಟರಲ್ಲಿ ಗವಿಯ ಮೀನಿನ ಬಾಯಿಂದ ಕೊಕ್ಕೆ ಬಿಡಿಸಿದ್ದ. ಅದರ ರೆಕ್ಕೆ ಹಿಡಿದು ಕುಲುಕಿದ. ಬೆನ್ನು ತಟ್ಟಿದ.

"ಚೆನ್ನಾಗಾಡ್ದೆ ಕಣಪ್ಪ! ಮನೆಗೆ ಹೋಗು!"

ಮೆಲ್ಲಗೆ ನೀರಿಗೆ ಬಿಟ್ಟ. ಗೆಂಡೆ ಬಾಲ ಬಡಿದು ಮಾಯವಾಯ್ತು.

ತಕ್ಕಡಿಯೋನು ಬಾಯಿ ಬಿಟ್ಟು ನಿಂತ. ಬಿಂದಿಗೆ ಮರಿಸ್ವಾಮಿ ಕೈಗೆ ಹೋಯ್ತು. ಸಾಕವ್ವ ನಿಂತಲ್ಲೇ ಕುಸಿದಳು. ಎದ್ದಳು. ಕಿರುಚಿದಳು.

"ಹಾಳಾದೋನೇ! ಅದರ ಹಿಂದೇನೇ ನೀನೂ ಹೋಗೋ!"

"ಆಗ್ಲಿ ಕಣವ್ವ!" ಅಂದ ಗವಿಯ. ಧುಡುಂ!

ಊರೆಲ್ಲ ನೀರಿನಂಚಿಗೆ ನುಗ್ಗಿತು. "ಇಲ್ ನೋಡ್ರೋ! ಗೆದ್ದೋನು ಇಲ್ಲಿ ಅವ್ನೆ!" ಅಂತ ಬಿಂದಿಗೆ ಎತ್ತಿ ಹಿಡಿದು ಕೂಗಿದಳು ಚೆಲುವವ್ವ. ಒಬ್ಬರೂ ತಿರುಗಿ ನೋಡಲಿಲ್ಲ.

ಕತ್ತುಮಟ್ಟ ನೀರಲ್ಲಿ ಗವಿಯನ ತಲೆ ಮೇಲೆ ಬಂತು. "ಬಾರೋ ನನ್ನಪ್ಪಾ, ಬಾರೋ!" ಅಂತ ಅಳ್ತಿದ್ದಳು ಸಾಕವ್ವ.

"ತಡಿಯವ್ವಾ!" ಅಂದ ಗವಿಯ, ಕಣ್ಣಿಗಿಳಿದ ಕೆರೆ ನೀರು ಒರೆಸ್ಕೊಂಡು. "ಅವನು ಯಾವ ಬೀದಿಗೆ ತಿರುಗಿದ ಅಂತ ಕಾಣ್ಲಿಲ್ಲ. ಯಾರನ್ನಾದ್ರೂ ಕೇಳ್ಕೊಂಡು ಬತ್ತೀನಿ!" ಅಂತ ಹೇಳಿ ಮತ್ತೆ ಮುಳುಗಿದ.