ಕೆಂಚಜ್ಜಿಯ ಗಡಿಗೆ ತಳದ ಮಸಿ

ಏ ಚಂಪಿ, ಕಣ್ಣುಜ್ಜಬೇಡ್ವೇ, ಕಾಡಿಗೆಯೆಲ್ಲಾ ಕೆನ್ನೆಗೆ ಬಂತು. ಬಾ, ಮಗ್ಗುಲಿಗೆ ಬಾ. ಹೂಂ ಅಂತಿರಬೇಕು, ಇಲ್ಲದಿದ್ರೆ ಕತೆ ಹೇಳಲ್ಲ ನೋಡು.

ಒಂದಾನೊಂದು ಕಾಲದಲ್ಲಿ, ನಮ್ಮ ಮುತ್ತಜ್ಜಿಯ ಮುತ್ತಜ್ಜಿಗಿಂತಲೂ ಮುಂಚೆ, ಆಕಾಶದಲ್ಲಿ ಕೆಂಚಜ್ಜಿ ಅಂತ ಒಬ್ಬಳು ಮುದುಕಿ ನಕ್ಷತ್ರ ಇದ್ದಳಂತೆ. ಹೊಟ್ಟೆಯೇ ಒಲೆ, ಹೊಟ್ಟೆಯೇ ಗಡಿಗೆ, ಹುಟ್ಟಿದಾಗಿನಿಂದ ಬೇಯಿಸೀ ಬೇಯಿಸೀ ಊದಿಕೊಂಡು ಕೆಂಪಗಾಗಿದ್ದಳಂತೆ. ನನ್ನ ಹಾಗೇ ಉಬ್ಬಸ ಬೇರೆ. ಉಸಿರೆಳೆದ್ರೆ ಉಬ್ಬೋದು, ಬಿಟ್ರೆ ಕುಗ್ಗೋದು. ನಗ್ತೀಯಾ? ನಗು ನಗು.

ಆಮೇಲೆ ದೂರದಲ್ಲಿ ಒಂದು ಮಣ್ಣುಂಡೆ ಮಗು ಇತ್ತಂತೆ, ಬೋಳು ಬೋಳು. ಅಜ್ಜೀ, ಒಂದು ಹಿಡಿ ಮಸಿ ಕೊಡು, ಅದಿಲ್ಲದೆ ನನ್ನ ಮೇಲೆ ಹುಲ್ಲೂ ಹುಟ್ಟಲ್ಲ, ಇರುವೆನೂ ಹುಟ್ಟಲ್ಲ ಅಂತ ಒಂದೇ ಸಮ ಅಳ್ತಿತ್ತಂತೆ. ಕೆಂಚಜ್ಜಿ ಕರುಳು ಚುರುಕ್ ಅಂತು. ಮಸಿ ಇತ್ತು, ಆದ್ರೆ ಎಲ್ಲಿ? ಬೇಯಿಸಿದ್ದು ಸೀದು ಸೀದು, ಗಡಿಗೆಯ ಒಳತಳದಲ್ಲಿ! ಒಲೆ ಆರೋದ್ರೊಳಗೆ ಮೇಲೆ ತರಬೇಕು, ಆರಿತೋ, ತಳದಲ್ಲೇ ಗಟ್ಟಿಯಾಗಿ ಯಾರಿಗೂ ಸಿಗಲ್ಲ.

ಒಂದ್ಸಲ ಸೌಟು ಹಾಕಿ ಕಲಕಿದಳಂತೆ, ಬರೀ ತಿಳಿ ಬಂತು. ಇನ್ನೊಂದ್ಸಲ ಕಲಕಿದಳಂತೆ, ಬಲೂನಿಗೆ ತುಂಬ್ತಾರಲ್ಲ, ಆ ಹಗುರ ಗಾಳಿ ಬಂತು. ಸೌಟು ಗಿಡ್ಡ ಕಣೇ, ತಳಕ್ಕೆ ಮುಟ್ಟೋದೇ ಇಲ್ಲ! ಆಮೇಲೆ ಮೂರನೇ ಸಲ ಸೌಟು ಬಿಸಾಕಿ, ಉಬ್ಬಸಾನೇ ಸೌಟು ಮಾಡ್ಕೊಂಡು, ಜೋರಾಗಿ ಉಸಿರೆಳೆದು ಬಿಟ್ಟಳು, ಎಳೆದು ಬಿಟ್ಟಳು, ಗಡಿಗೆಯೆಲ್ಲಾ ಕುಲುಕಿ ತಳದ ಮಸಿ ಮುಖಕ್ಕೇ ಬಂತಂತೆ.

ಅಯ್ಯೋ, ಈ ವಯಸ್ಸಲ್ಲಿ ಮುಖಕ್ಕೆ ಮಸಿ ಬಳ್ಕೊಂಡ್ಯಲ್ಲೇ ಅಂತ ಅಕ್ಕಪಕ್ಕದ ನಕ್ಷತ್ರಗಳೆಲ್ಲಾ ಆಡ್ಕೊಂಡ್ವಂತೆ. ಮುಖ ನಂದು, ಮಸಿ ನಂದು, ನಿಮ್ಮಪ್ಪನ ಗಂಟೇನು ಹೋಯ್ತು ಅಂದಳಂತೆ ಕೆಂಚಜ್ಜಿ. ಅಂದು, ಬಿಟ್ಟ ಉಸಿರಿಗೊಂದಿಷ್ಟು ಮಸಿ ಊದಿ ಊದಿ ಮಣ್ಣುಂಡೆಗೆ ಕಳಿಸಿ, ಮೈಯೆಲ್ಲಾ ಖಾಲಿಯಾಗಿ, ಕೊನೆಗೆ ಬೆಳ್ಳಗೆ ಒಂದು ಪುಟ್ಟ ಕೆಂಡ ಆಗಿ ಉಳಿದಳಂತೆ. ಆ ಮಸಿಯಿಂದ ಮಣ್ಣುಂಡೆ ಮೇಲೆ ಹುಲ್ಲು ಬಂತು, ಹಸು ಬಂತು, ನಾನು ಬಂದೆ, ನೀನು ಬಂದೆ. ನಿನ್ನ ಕಣ್ಣಿನ ಕಾಡಿಗೆನೂ ಅವಳ ಗಡಿಗೆ ತಳದ್ದೇ.

ಏನಂದೆ? ನಾನೂ ಉಸಿರು ಬಿಟ್ಟೂ ಬಿಟ್ಟೂ ಪುಟ್ಟದಾಗ್ತೀನಾ? ಆಗ್ತೀನಿ ಕಣೇ, ಅಜ್ಜಿಯರೆಲ್ಲಾ ಆಗ್ತಾರೆ. ಅದಕ್ಕೆ ಅಳ್ತಾರಾ ಹುಚ್ಚಿ?

ಏ ಏ, ನಿನ್ನ ಕೆನ್ನೆ ಕಾಡಿಗೆ ತೆಗೆದು ನನ್ನ ಕೆನ್ನೆಗೆ ಯಾಕೆ ಹಚ್ತೀಯೇ? ದೃಷ್ಟಿಬೊಟ್ಟಾ? ಅಜ್ಜಿ ಪುಟ್ಟದಾಗದೇ ಇರಲಿ ಅಂತಾ? ಅಯ್ಯೋ ನನ್ನ ಬಂಗಾರ! ಆಯ್ತು, ಬೆಳಗಿನ ತನಕ ಒರೆಸಲ್ಲ. ಕೆಂಚಜ್ಜಿ ಅಲ್ಲಿ ತಣ್ಣಗೆ, ನಾವಿಬ್ರೂ ಇಲ್ಲಿ ಬೆಚ್ಚಗೆ, ಕತೆ ಮುಗೀತು, ಕಣ್ಮುಚ್ಚು.